ಬೇರೆ ಕ್ಷೇತ್ರದ ಅಥವಾ ಬೇರೆ ವಿಷಯದವರ ಜೊತೆ ಕೆಲಸ ಮಾಡಿದರೆ ಶಿಕ್ಷಕರು ತಮ್ಮನ್ನು ತಾವು ಕಾಣುವ ರೀತಿ ಬದಲಾಗುತ್ತದೆಯೇ?

ಬದಲಾಗುತ್ತದೆ, ಆದರೆ ಒಂದು ದಿನದ ಕಾರ್ಯಾಗಾರದಿಂದಲ್ಲ. ಇದಕ್ಕೆ ಒಳ್ಳೆಯ ಉದಾಹರಣೆ ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಶಿಕ್ಷಣ ಕಾರ್ಯಕ್ರಮ. 1972ರಲ್ಲಿ 16 ಶಾಲೆಗಳ 6ರಿಂದ 8ನೇ ತರಗತಿಗಳಲ್ಲಿ ಶುರುವಾದ ಇದು 1978ರಲ್ಲಿ ಇಡೀ ಜಿಲ್ಲೆಗೆ ಹಬ್ಬಿತು.

ದೆಹಲಿ ವಿಶ್ವವಿದ್ಯಾಲಯ, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗಳಿಂದ (ಟಿಐಎಫ್‌ಆರ್) ಬಂದ ವಿಜ್ಞಾನಿಗಳು ಹಳ್ಳಿ ಮೇಷ್ಟ್ರುಗಳ ಜೊತೆ ಕೂತು ಪಾಠ ಕಟ್ಟಿದರು. ತರಬೇತಿಯಲ್ಲಿ ಭಾಷಣ ಕಡಿಮೆ. ಮಕ್ಕಳು ಮಾಡಬೇಕಾದ ಪ್ರಯೋಗವನ್ನೇ ಶಿಕ್ಷಕರು ಗುಂಪಾಗಿ ಮಾಡಿ ನೋಡುತ್ತಿದ್ದರು. ಆಮೇಲೆ ತಿಂಗಳಿಗೊಮ್ಮೆ ಸೇರಿ, ಯಾವುದು ತರಗತಿಯಲ್ಲಿ ಕೈಕೊಟ್ಟಿತು, ಮಕ್ಕಳು ಏನು ಕೇಳಿದರು ಎಂಬ ಚರ್ಚೆ. ಆ ಅನುಭವದ ಮೇಲೆಯೇ ಪುಸ್ತಕದ ಅಧ್ಯಾಯಗಳು ತಿದ್ದುಪಡಿಯಾಗುತ್ತಿದ್ದವು.

ಶಿಕ್ಷಕರು ತಮ್ಮನ್ನು ಕಾಣುವ ರೀತಿ ಬದಲಾಗುವುದು ಇಲ್ಲೇ ಎಂದು ನನ್ನ ಅಭಿಪ್ರಾಯ. ವಿಜ್ಞಾನಿಗೆ ವಿಷಯ ಗೊತ್ತು. ಹನ್ನೊಂದು ವರ್ಷದ ಮಗು ಎಲ್ಲಿ ತಡವರಿಸುತ್ತದೆ ಎಂಬುದು ಮೇಷ್ಟ್ರಿಗೆ ಮಾತ್ರ ಗೊತ್ತು. ತನ್ನ ಮಾತಿನಿಂದ ಪಠ್ಯವೇ ಬದಲಾದಾಗ, ಸರ್ಕಾರ ಕೊಟ್ಟ ಪುಸ್ತಕ ಓದಿಸುವವನು ತಾನು ಎಂಬ ಭಾವ ಹೋಗಿ, ಪಾಠ ರೂಪಿಸುವವನು ಎಂಬ ಭಾವ ಬರುತ್ತದೆ. ಅಲ್ಲಿನ ಹಲವು ಶಿಕ್ಷಕರು ಮುಂದೆ ಸಂಪನ್ಮೂಲ ವ್ಯಕ್ತಿಗಳಾಗಿ ಇತರರಿಗೆ ತರಬೇತಿ ಕೊಟ್ಟರು.

ನಿಮ್ಮ ಶಾಲೆಯಲ್ಲೇ ಮಾಡುವುದಾದರೆ, ಸಮಾಜ ಮತ್ತು ಗಣಿತದ ಶಿಕ್ಷಕರಿಬ್ಬರು ಜನಗಣತಿಯಂಥ ಒಂದೇ ಪಾಠ ಹಿಡಿದು ಒಬ್ಬರ ತರಗತಿಯಲ್ಲಿ ಇನ್ನೊಬ್ಬರು ಕೂರಲಿ. ತಿಂಗಳ ಭೇಟಿಗೆ ವೇಳಾಪಟ್ಟಿಯಲ್ಲೇ ಜಾಗವಿರಬೇಕು. ಮೇಲಿನವರ ಬೆಂಬಲವೂ ಬೇಕು: ಹೋಶಂಗಾಬಾದ್ ಕಾರ್ಯಕ್ರಮವನ್ನು 2002ರಲ್ಲಿ ರಾಜ್ಯ ಸರ್ಕಾರವೇ ನಿಲ್ಲಿಸಿತು.