ವೈಲ್ಡರ್ ಬಲಗೈ ನೋಡಿ ಗಾರ್ಡ್ (ಮುಖ ಕಾಯೋ ಕೈ) ಇಳಿಸಬೇಡಿ

ನಿಮ್ಮ ಬಾಕ್ಸಿಂಗ್ ಸ್ಪಾರಿಂಗ್ (ಅಭ್ಯಾಸದ ಕಾದಾಟ) ವಿಡಿಯೊ ಹಾಕಿ, "ಎಡಗೈ ಸೊಂಟದ ಹತ್ರ ಇರುತ್ತೆ, ಕಾಲು ಅಡ್ಡಾದಿಡ್ಡಿ, ಒಪ್ತೀನಿ. ಆದ್ರೆ ಬಲಗೈ ಬಿತ್ತು ಅಂದ್ರೆ ಮುಗೀತು. ಹೆವಿವೇಟ್ ಬಾಕ್ಸರ್ ಡಿಯಾಂಟೆ ವೈಲ್ಡರ್ ಹೀಗೇ ಚಾಂಪಿಯನ್ ಆಗ್ಲಿಲ್ವಾ?" ಅಂತ ಕೇಳಿದೀರಿ. ಇದೇ ಹುಚ್ಚಲ್ಲಿ ಹೆಬ್ಬೆರಳಿನ ಬುಡ ಕೆಡಿಸಿಕೊಂಡವನು ನಾನು, ಅದಕ್ಕೇ ಬರೀತಿದೀನಿ. ಬೆಂಕಿ ಇಮೋಜಿ ಹಾಕಿದವರು ಯಾರೂ ನಿಮ್ಮ ಎದುರು ರಿಂಗಿಗೆ ಇಳಿಯೋರಲ್ಲ.

ವೈಲ್ಡರ್ ಎರಡೂ ತೋಳು ಗಿರಗಿರ ಬೀಸೋದು ಎದುರಿನವನು ಆಗಲೇ ತತ್ತರಿಸಿದ ಮೇಲೆ. ರೀಲ್ಸಲ್ಲಿ ಬರೋದು ಅಷ್ಟೇ. ತತ್ತರಿಸೋ ಹಾಗೆ ಮಾಡಿದ ಏಟು ಯಾವುದು ಅಂತ ಹಿಂದಕ್ಕೆ ಓಡಿಸಿ ನೋಡಿ. 2019ರ ನವೆಂಬರಲ್ಲಿ ಲೂಯಿಸ್ ಓರ್ಟಿಜ್ ಜೊತೆ ಎರಡನೇ ಪಂದ್ಯ: ಆರು ರೌಂಡ್ ಆದಾಗ ಮೂರೂ ತೀರ್ಪುಗಾರರ ಅಂಕದ ಕಾರ್ಡಲ್ಲಿ ಓರ್ಟಿಜ್ ಮುಂದೆ. ಏಳನೇ ರೌಂಡ್ ಮುಗಿಯೋಕೆ ಕೆಲವೇ ಸೆಕೆಂಡ್ ಇರುವಾಗ ವೈಲ್ಡರ್‌ದು ಒಂದೇ ಒಂದು ಬಲಗೈ, ನೆಟ್ಟಗೆ, ಪುಸ್ತಕದಲ್ಲಿರೋ ಹಾಗೆ. ಓರ್ಟಿಜ್ ಸೌತ್‌ಪಾ (ಬಲಗೈ, ಬಲಗಾಲು ಮುಂದಿಟ್ಟು ನಿಲ್ಲೋನು), ಅಂಥವನ ಮೇಲೆ ನೇರ ಬಲಗೈಗೆ ದಾರಿ ಹೇಗೂ ತೆರೆದಿರುತ್ತೆ. ಆದರೂ ವೈಲ್ಡರ್ ಅಷ್ಟು ಹೊತ್ತು ಸೋಲ್ತಾ ಸೋಲ್ತಾ ಕೈ ಬಿಡದೆ ಕಾದಿದ್ದು ಇದೆಯಲ್ಲ, ಅದನ್ನ ಯಾರೂ ಕಾಪಿ ಹೊಡೆಯಲ್ಲ. ನೀವು ಮೊದಲ ಮೂವತ್ತು ಸೆಕೆಂಡಲ್ಲೇ ಏಳೆಂಟು ಸಲ ಬೀಸಿ ಬಾಯಿ ಬಿಟ್ಟು ಉಸಿರಾಡ್ತಿದೀರಿ.

ಶಕ್ತಿ ವೈಲ್ಡರ್ ದೋಷಗಳನ್ನ ಮುಚ್ಚುತ್ತಾ ಅನ್ನೋದಕ್ಕೆ ನನ್ನ ಉತ್ತರ: ಹಿಂದೆ ಸರಿಯೋನ ಮೇಲೆ ಹೌದು, ಮುಂದೆ ಬರೋನ ಮೇಲೆ ಇಲ್ಲ. ಟೈಸನ್ ಫ್ಯೂರಿ ಮೊದಲ ಪಂದ್ಯದಲ್ಲಿ, 2018ರ ಡಿಸೆಂಬರಲ್ಲಿ, ದೂರ ಇದ್ದು ಜಾರಿ ಜಾರಿ ಆಡಿದ. ಹೆಚ್ಚಿನ ರೌಂಡ್ ಅವನದ್ದೇ ಅಂತ ನನಗೆ ಕಂಡಿತು. ಆದ್ರೆ 9ನೇ ಮತ್ತು 12ನೇ ರೌಂಡಲ್ಲಿ ನೆಲ ಕಂಡ, ಪಂದ್ಯ ಡ್ರಾ. ಆ ಎರಡು ಏಟಿಲ್ಲದಿದ್ರೆ ವೈಲ್ಡರ್ ಬೆಲ್ಟ್ ಅವತ್ತೇ ಹೋಗ್ತಿತ್ತು. 2020ರ ಫೆಬ್ರವರಿಗೆ ಫ್ಯೂರಿ 273 ಪೌಂಡ್ ತೂಗಿಕೊಂಡು ಬಂದು ಎದೆಗೆ ಎದೆ ಕೊಟ್ಟು ತಳ್ಳಿದ, ಕ್ಲಿಂಚಲ್ಲಿ (ತಬ್ಬಿ ಹಿಡಿದಾಗ) ಕತ್ತಿನ ಮೇಲೆ ಭಾರ ಹಾಕಿದ. ಮೈಭಾರ ಹಿಮ್ಮಡಿ ಮೇಲೆ ಹೋದಾಗ ವೈಲ್ಡರ್ ಬಲಗೈ ಬರೀ ತೋಳಿನ ಏಟಾಯ್ತು, ಸೊಂಟ ತಿರುಗೋಕೆ ಜಾಗವೇ ಇಲ್ಲ. ಏಳನೇ ರೌಂಡಲ್ಲಿ ಸೋಲೊಪ್ಪಿ ವೈಲ್ಡರ್ ಮೂಲೆಯಿಂದ ಟವೆಲ್ ಬಂತು. (ಆಮೇಲೆ ರಿಂಗಿಗೆ ಹಾಕಿಕೊಂಡು ಬಂದ ವೇಷದ ಭಾರದಿಂದ ಕಾಲು ಸೋತಿತ್ತು ಅಂದ. ಇರಲಿ.) 2023ರ ಕೊನೆಯಲ್ಲಿ ಜೋಸೆಫ್ ಪಾರ್ಕರ್ ವಿರುದ್ಧ ಇನ್ನೂ ಕಷ್ಟ: ಬಲಗೈ ಬಿಡೋಕೆ ಸಂದು ಸಿಗ್ಲಿಲ್ಲ, ಬಲಗೈ ಇಲ್ಲ ಅಂದ್ಮೇಲೆ ಬೇರೆ ಏನೂ ಇರಲಿಲ್ಲ. ಹನ್ನೆರಡು ರೌಂಡ್ ಪೂರ್ತಿ ಆಡಿ ಅಂಕದಲ್ಲಿ ಸೋತ.

ಆದರೆ ಅವನಿಗೆ ತಂತ್ರವೇ ಗೊತ್ತಿಲ್ಲ ಅನ್ನೋರಿಗೂ ಒಂದು ಮಾತು. 2015ರ ಜನವರಿಯಲ್ಲಿ ಬರ್ಮೇನ್ ಸ್ಟಿವರ್ನ್ ಕೈಯಿಂದ ಡಬ್ಲ್ಯೂಬಿಸಿ (ವಿಶ್ವ ಬಾಕ್ಸಿಂಗ್ ಮಂಡಳಿ) ಬೆಲ್ಟ್ ಕಿತ್ತುಕೊಂಡಿದ್ದು ನಾಕೌಟಲ್ಲಿ ಅಲ್ಲ, ಜ್ಯಾಬ್ (ಮುಂದಿನ ಕೈಯ ನೇರ ಏಟು) ಹಾಕಿಕೊಂಡು 12 ರೌಂಡ್ ಆಡಿ. 2016ರಲ್ಲಿ ಕ್ರಿಸ್ ಅರಿಯೋಲಾ ಪಂದ್ಯದ ನಡುವೆ ಬಲಗೈ ಮುರೀತು, ತೋಳಿನ ಸ್ನಾಯು ಹರೀತು, ಉಳಿದದ್ದು ಎಡಗೈಯಲ್ಲೇ ಮುಗಿಸಿದ. 6 ಅಡಿ 7 ಇಂಚು ಎತ್ತರ, 83 ಇಂಚು ರೀಚ್ (ಎರಡೂ ಕೈ ಚಾಚಿದಾಗಿನ ಉದ್ದ). ಅಷ್ಟುದ್ದ ಇದ್ರೆ ಕೈ ಕೆಳಗಿಟ್ಟರೂ ತಲೆ ಹಿಂದಕ್ಕೆ ಎಳೆದು ತಪ್ಪಿಸಿಕೊಳ್ಳಬಹುದು. ನಿಮ್ಮ ಎತ್ತರಕ್ಕೆ ತಲೆ ನೆಟ್ಟಗೆ ಹಿಂದೆ ಹೋದ್ರೆ ಸೀದಾ ಎದುರಿನವನ ಎರಡನೇ ಏಟಿಗೆ ಹೋಗಿ ಕೂರುತ್ತೆ. ವಿಡಿಯೊದಲ್ಲಿ ಎರಡು ಸಲ ಕೂತಿದೆ, ಅವನು ಪಾಪ ಮೆತ್ತಗೆ ಹೊಡೆದ.

ಗಿಡ್ಡ ಇದ್ದವರಿಗೆ ನೋಡೋಕೆ ವೈಲ್ಡರ್‌ಗಿಂತ ರಾಕಿ ಮಾರ್ಸಿಯಾನೊ ಮೇಲು. ಅವನೂ ಒರಟ, 49 ಪಂದ್ಯ 49 ಗೆಲುವು, 43 ನಾಕೌಟ್. ಕೋಚ್ ಚಾರ್ಲಿ ಗೋಲ್ಡ್‌ಮನ್ ಅವನನ್ನ ನೆಟ್ಟಗೆ ನಿಲ್ಲಿಸೋಕೆ ಹೋಗಲಿಲ್ಲ, ಇನ್ನೂ ಬಗ್ಗಿಸಿದರು. ಇರೋ ಕೊರತೆಗೆ ತಕ್ಕ ತಂತ್ರ ಕಟ್ಟೋದು ಅಂದ್ರೆ ಅದು. ಇನ್ನೊಂದು ತುದಿಗೆ ಅರ್ನಿ ಶೇವರ್ಸ್. ಅವನಷ್ಟು ಗಟ್ಟಿ ಹೊಡೆದವರು ಕಡಿಮೆ. 1977ರಲ್ಲಿ ಮೊಹಮ್ಮದ್ ಅಲಿ ಅವನ ಏಟು ತಿಂದೂ 15 ರೌಂಡ್ ಆಡಿ ಗೆದ್ದ. 1979ರಲ್ಲಿ ಏಳನೇ ರೌಂಡಲ್ಲಿ ಲ್ಯಾರಿ ಹೋಮ್ಸ್‌ನ ನೆಲಕ್ಕೆ ಕೆಡವಿದ, ಹೋಮ್ಸ್ ಎದ್ದು 11ನೇ ರೌಂಡಲ್ಲಿ ಅವನನ್ನೇ ಮುಗಿಸಿದ. ವಿಶ್ವ ಪಟ್ಟ ಶೇವರ್ಸ್‌ಗೆ ಸಿಗಲೇ ಇಲ್ಲ.

ಈಗ ಮಾಡೋ ಕೆಲಸ. ನಾನು ಹೇಳೋದು ಒಂದೇ ಡ್ರಿಲ್: ಎಡಗೈ ಅಳತೆ. ಹೆವಿ ಬ್ಯಾಗ್ (ತೂಗುಹಾಕಿರೋ ಹೊಡೆಯೋ ಮೂಟೆ) ಮುಂದೆ ನಿಂತು ಎಡಗೈ ಚಾಚಿ, ಗ್ಲೌಸಿನ ತುದಿ ಬ್ಯಾಗಿಗೆ ಬರೀ ತಾಗಬೇಕು. ಅಲ್ಲಿ ಮುಂಗಾಲಿನ (ಮುಂದಿಟ್ಟ ಕಾಲಿನ) ಕೆಳಗೆ ನೆಲಕ್ಕೆ ಟೇಪ್ ಅಂಟಿಸಿ. ಟೇಪಿನಿಂದ ಅರ್ಧ ಹೆಜ್ಜೆ ಹಿಂದಿರಿ. ಎಡಗೈ ಚಾಚ್ತಾ ಮುಂಗಾಲು ಟೇಪಿಗೆ ಬರಬೇಕು, ತಾಗಿದ್ರೆ ಮಾತ್ರ ಬಲಗೈ. ತಾಗದಿದ್ರೆ ಬಲಗೈ ಕೆನ್ನೆ ಬಿಟ್ಟು ಬರಕೂಡದು. ಒಂದು ರೌಂಡಲ್ಲಿ ಹತ್ತು ಬಲಗೈ ಬಿದ್ರೆ ಸಾಕು, ನಲವತ್ತು ಬೇಡ. ಹೊಡೆದ ಜಾಗದಲ್ಲೇ ನಿಂತು ಜೊತೆಗಾರನಿಗೆ ಭುಜ ತಳ್ಳೋಕೆ ಹೇಳಿ. ಮುಗ್ಗರಿಸಿದ್ರೆ ಹಿಂಗಾಲು ತಿರುಗಿಲ್ಲ, ಮೈ ಎಸೆದಿದೀರಿ ಅಂತ ಅರ್ಥ. ಚಲಿಸೋ ಬ್ಯಾಗ್ ಮೇಲೆ ಇದನ್ನ ಮಾಡಬೇಡಿ, ಅಳತೆ ಸುಳ್ಳಾಗುತ್ತೆ, ಯಾರಾದ್ರೂ ಹಿಡ್ಕೊಳ್ಳಲಿ. ಮಣಿಕಟ್ಟು ನೋವಿದ್ರೆ ಆ ವಾರ ಬಲಗೈ ಪೂರ್ತಿ ಬಿಡಿ. ಸೌತ್‌ಪಾ ಎದುರು ಬರೋದಾದ್ರೆ ಮುಂಗಾಲು ಅವನ ಮುಂಗಾಲಿನ ಹೊರಗಿರಬೇಕು, ಆಗ ಟೇಪ್ ಲೆಕ್ಕ ಸ್ವಲ್ಪ ಬದಲಾಗುತ್ತೆ, ಅದನ್ನ ಕೋಚ್ ಹತ್ರ ನಿಂತು ಕೇಳಿ.

ಮತ್ತೆ ಆ ಗ್ಲೌಸು! ಕ್ಲೇಟೊ ರೇಯಸ್ ಕಂಪನಿದು ಒಳ್ಳೆಯದೇ, ನನಗೂ ಇಷ್ಟ, ಆದ್ರೆ ಅದು ಗಟ್ಟಿ, ಹೊಡೆಯೋರ ಗ್ಲೌಸು. ಸ್ಪಾರಿಂಗಲ್ಲಿ ಅದನ್ನ ಹಾಕಿ ಬಲಗೈ ಬೀಸೋನ ಎದುರು ಮುಂದಿನ ವಾರ ಯಾರೂ ನಿಲ್ಲಲ್ಲ. 16 ಔನ್ಸ್, ಮೆತ್ತನೆ ಪ್ಯಾಡಿಂಗ್ ಇರೋದು ತಗೊಳ್ಳಿ. ವಿನ್ನಿಂಗ್ ಕಂಪನಿದಾದ್ರೆ ಸರಿಯೇ, ಬೆಲೆ ವಿಪರೀತ, ಹಾಗಾಗಿ ರೈವಲ್ ಕಂಪನಿದೂ ಸಾಕು. ಹೆಬ್ಬೆರಳು ಗ್ಲೌಸಿಗೆ ಜೋಡಿಸಿರದ ಹಳೇ ಮಾದರಿ ಮಾತ್ರ ಬೇಡವೇ ಬೇಡ. ಅಡ್ಡ ಬೀಸಿದ ಏಟು ಮೊಣಕೈಗೆ ಸಿಕ್ಕಾಗ ಮೊದಲು ಹೋಗೋದು ಹೆಬ್ಬೆರಳೇ. ಗ್ಲೌಸಿನ ಒಳಗೆ ಕೈಗೆ ಸುತ್ತೋ ಬ್ಯಾಂಡೇಜ್ 180 ಇಂಚಿನದು, ಹೆಬ್ಬೆರಳ ಸುತ್ತ ಎರಡು ಸುತ್ತು ಹೆಚ್ಚಿಗೆ. ಕತ್ತಿನ ವ್ಯಾಯಾಮ ಇವತ್ತೇ ಶುರು ಮಾಡಿ, ಗಲ್ಲ ಆ ಎತ್ತರದಲ್ಲಿ ಇಟ್ಟುಕೊಂಡಿರೋ ತನಕ ಅದು ಬೇಕೇ ಬೇಕು. ಮುಂದಿನ ವಿಡಿಯೊ ಪಕ್ಕದಿಂದ ತೆಗೀರಿ, ಎದುರಿನಿಂದ ತೆಗೆದ್ರೆ ಹಿಂಗಾಲು ಕಾಣಲ್ಲ.