ಕೇಳಿ, ಹೇಳ್ತೀವಿ: ಓದೋಕಾಗದ ಪೋಸ್ಟರ್

ಪ್ರಶ್ನೆ: ಮಗ ಗೋವಾಗೆ ಹೋದವ್ನು ಅಂಜುನಾ ಬುಧವಾರದ ಸಂತೆಯಿಂದ ಒಂದು ಪೋಸ್ಟರ್ ತಂದು ಹಾಲ್‌ನಲ್ಲಿ ಅಂಟಿಸಿದಾನೆ. ಗುಲಾಬಿ ಕಿರೀಟ ಇಟ್ಕೊಂಡಿರೋ ಅಸ್ಥಿಪಂಜರ! ಬರ್ದಿರೋದು ಒಂದಕ್ಷರಾನೂ ಓದೋಕಾಗಲ್ಲ. ಅಂಗಡಿಯವ್ನು ಒರಿಜಿನಲ್ ಅಂದನಂತೆ, ಹೌದಾ? ಓದೋಕಾಗ್ದೇ ಇರೋ ಪೋಸ್ಟರ್ ಯಾರಾದ್ರೂ ಯಾಕೆ ಮಾಡ್ತಾರೆ?
- ಓದುಗರು, ಡೊಂಬಿವಲಿ

ಉತ್ತರ: ಒರಿಜಿನಲ್ ವಿಷ್ಯ ಮೊದ್ಲು ಮುಗಿಸ್ಬಿಡೋಣ. ಒಂದೇ ಬಣ್ಣ ತುಂಬಿರೋ ಜಾಗಕ್ಕೆ ಭೂತಗನ್ನಡಿ ಹಿಡೀರಿ. ಬಣ್ಣ ಗಟ್ಟಿಯಾಗಿ ಒಂದೇ ಸಮ ಕೂತಿದ್ರೆ ಸ್ವಲ್ಪ ಆಸೆ ಇಟ್ಕೋಬಹುದು, ಸಣ್ಣ ಸಣ್ಣ ಬೇರೆ ಬೇರೆ ಬಣ್ಣದ ಚುಕ್ಕಿ ಕಂಡ್ರೆ ಅದು ಸ್ಕ್ಯಾನ್ ಮಾಡಿ ಹೊಡೆದ ಪ್ರಿಂಟು. ಸಂತೇಲಿ ಸಿಕ್ಕಿದ್ದು ಅಂದ್ಮೇಲೆ ನಂಗಂತೂ ನಂಬಿಕೆ ಇಲ್ಲ.

ಆದ್ರೆ ಚಿತ್ರ ಮಾತ್ರ ಸಾಮಾನ್ಯದ್ದಲ್ಲ. ಹಿಪ್ಪಿಗಳ ಕಾಲ, 1966ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಅವಲಾನ್ ಬಾಲ್‌ರೂಮ್‌ನಲ್ಲಿ ಗ್ರೇಟ್‌ಫುಲ್ ಡೆಡ್ ಬ್ಯಾಂಡಿನ ಶೋಗೆ ಸ್ಟ್ಯಾನ್ಲಿ ಮೌಸ್, ಆಲ್ಟನ್ ಕೆಲ್ಲಿ ಅನ್ನೋ ಇಬ್ರು ಮಾಡಿದ್ದು. ಅಸ್ಥಿಪಂಜರ ಅವ್ರದ್ದಲ್ಲ, ಉಮರ್ ಖಯ್ಯಾಮನ ರುಬಾಯತ್‌ಗೆ ಎಡ್ಮಂಡ್ ಸಲಿವನ್ ಅನ್ನೋ ಇಂಗ್ಲಿಷ್ ಕಲಾವಿದ ಬರ್ದಿದ್ದ ಕಪ್ಪು-ಬಿಳುಪು ಚಿತ್ರ, ಲೈಬ್ರರಿ ಪುಸ್ತಕದಲ್ಲಿ ಸಿಕ್ತು, ಎತ್ಕೊಂಡ್ರು! ಬಣ್ಣ, ಅಕ್ಷರ ಇವ್ರದ್ದು.

ಇನ್ನು ಓದೋಕಾಗಲ್ಲ ಅನ್ನೋದು. ಗಾಂಜಾ ಹೊಡ್ಕೊಂಡು ಗೀಚಿದ್ದು ಅಂತ ಜನ ಸಲೀಸಾಗಿ ಹೇಳ್ಬಿಡ್ತಾರೆ, ಅದನ್ನ ನಾನು ಒಪ್ಪಲ್ಲ, ಕೈ ನಡುಗೋ ಮನುಷ್ಯನಿಗೆ ಆಗೋ ಕೆಲ್ಸಾನೇ ಅಲ್ಲ ಅದು. ಅದೇ ಊರಿನ ಫಿಲ್‌ಮೋರ್ ಹಾಲ್‌ಗೆ ಪೋಸ್ಟರ್ ಮಾಡ್ತಿದ್ದ ವೆಸ್ ವಿಲ್ಸನ್, ಆಲ್ಫ್ರೆಡ್ ರೋಲರ್ ಅನ್ನೋ ಕಲಾವಿದ 1903ರ ಸುಮಾರಿಗೆ ವಿಯೆನ್ನಾದಲ್ಲಿ ಬರ್ದಿದ್ದ ಅಕ್ಷರ ನೋಡಿ ಅದನ್ನೇ ಇನ್ನೂ ಉಬ್ಬಿಸಿ, ಬೆಂಕಿ ಥರ ಬಳುಕಿಸಿ, ಬೆಳಗಿನ ಡೊಂಬಿವಲಿ ಲೋಕಲ್ ಥರ ಜಾಗ ಬಿಡ್ದೆ ತುಂಬ್ದ. ಹಾಗಾಗಿ ಅಕ್ಷರ ನೋಡ್ಬೇಡಿ, ಅಕ್ಷರಗಳ ಮಧ್ಯೆ ಉಳಿದಿರೋ ತೆಳ್ಳಗಿನ ಗೆರೆ ಹಿಡ್ಕೊಂಡು ಹೋಗಿ, ಪಟ್ ಅಂತ ಹೆಸರು ಎದ್ದು ಬರತ್ತೆ. ರಸ್ತೇಲಿ ಹೋಗೋವ್ನು ನಿಂತು ಎರಡು ನಿಮಿಷ ನೋಡ್ಲಿ ಅನ್ನೋದೇ ಲೆಕ್ಕಾಚಾರ.

ಬಣ್ಣದ ಆಟ ಇನ್ನೂ ಮಜಾ. ಅದೇ ಊರಿನ ಇನ್ನೊಬ್ಬ ಪೋಸ್ಟರ್ ಕಲಾವಿದ ವಿಕ್ಟರ್ ಮಾಸ್ಕೋಸೋ, ಯೇಲ್ ಯೂನಿವರ್ಸಿಟೀಲಿ ಜೋಸೆಫ್ ಆಲ್ಬರ್ಸ್ ಹತ್ರ ಬಣ್ಣದ ಪಾಠ ಕಲ್ತು ಬಂದವ್ನು, ಕಲ್ತಿದ್ದನ್ನ ಉಲ್ಟಾ ಮಾಡ್ದ. ಕೆಂಪು-ಹಸಿರು, ನೀಲಿ-ಕಿತ್ತಳೆ ಹೀಗೆ ಬಣ್ಣದ ಚಕ್ರದಲ್ಲಿ ಎದುರುಬದುರು ಕೂರೋ ಬಣ್ಣಾನ ಒಂದೇ ಹೊಳಪಲ್ಲಿ ಅಕ್ಕಪಕ್ಕ ಇಟ್ರೆ ಅಂಚು ಎಲ್ಲಿದೆ ಅಂತ ಕಣ್ಣಿಗೆ ಗೊತ್ತಾಗಲ್ಲ, ಪೋಸ್ಟರ್ ನಡುಗಿದ ಹಾಗೆ ಕಾಣತ್ತೆ. ಮೊಬೈಲ್‌ನಲ್ಲಿ ಅಂಥದ್ದರ ಫೋಟೋ ತೆಗ್ದು ಬ್ಲ್ಯಾಕ್ ಆಂಡ್ ವೈಟ್ ಮಾಡಿ ನೋಡಿ, ಅಕ್ಷರ ಹೆಚ್ಚುಕಮ್ಮಿ ಮಾಯ ಆಗತ್ತೆ.

ಪ್ರಶ್ನೆ: ನಮ್ಮ ಬ್ಯಾಂಡಿಗೆ ಇದೇ ಸ್ಟೈಲಲ್ಲಿ ಕನ್ನಡ ಪೋಸ್ಟರ್ ಮಾಡ್ಬೇಕು, ಆಗತ್ತಾ?
- ವಿದ್ಯಾರ್ಥಿ, ಮಾಟುಂಗಾ

ಉತ್ತರ: ಆಗತ್ತೆ. ನಮ್ಮಕ್ಷರ ಮೊದ್ಲೇ ಗುಂಡಗಿದೆ, ಉಬ್ಬಿಸೋಕೆ ಕಷ್ಟ ಇಲ್ಲ. ಆದ್ರೆ ಇಂಗ್ಲಿಷ್ ಕ್ಯಾಪಿಟಲ್ಸ್ ಎಲ್ಲಾ ಒಂದೇ ಎತ್ತರ, ಡಬ್ಬಿ ಒಳಗೆ ನೀಟಾಗಿ ಕೂರತ್ತೆ, ನಮ್ಮ ಒತ್ತಕ್ಷರ ಕೆಳಗೆ ನೇತಾಡತ್ತೆ. ಅದನ್ನ ಬಚ್ಚಿಡೋಕೆ ಹೋಗ್ಬೇಡಿ, ಕೆಳಗಿನ ಸಾಲಿಗೆ ಬೇರು ಬಿಟ್ಟ ಹಾಗೆ ಹರೀಲಿ ಬಿಡಿ. ಷ-ದ ಹೊಟ್ಟೆ ಸೀಳಿರೋ ಗೆರೆ, ಧ-ಭ ಕೆಳಗಿನ ಸೀಳು, ಇವನ್ನ ಮಾತ್ರ ಮುಟ್ಬೇಡಿ, ಮುಚ್ಚೋದ್ರೆ ಷ ಹೋಗಿ ಪ ಆಗತ್ತೆ, ಬ್ಯಾಂಡಿನ ಹೆಸರೇ ಬೇರೆ ಆಗೋಗತ್ತೆ! ತಾರೀಖು, ಜಾಗ ಸಾದಾ ಅಕ್ಷರದಲ್ಲಿ ಹಾಕಿ. ಅಲ್ಲಿ ಆರ್ಟ್ ಬೇಡ.

ಪ್ರಶ್ನೆ: ಈ ಹಿಪ್ಪಿಗಳು ನಮ್ಮ ದೇವರ ಕ್ಯಾಲೆಂಡರ್ ಚಿತ್ರ ಕದ್ದಿದ್ದು ನಿಜಾನಾ?
- ಓದುಗರು, ಪುಣೆ

ಉತ್ತರ: ಅಮೆರಿಕದ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್‌ನ 1967ರ ಆಲ್ಬಮ್ ಒಂದರ ಕವರ್‌ನಲ್ಲಿ ವಿಷ್ಣುವಿನ ವಿಶ್ವರೂಪದ ಪ್ರಿಂಟ್ ಮೇಲೆ ಬ್ಯಾಂಡಿನವ್ರ ಮುಖ ಅಂಟಿಸಿದಾರೆ. ಹೆಂಡ್ರಿಕ್ಸ್‌ಗೇ ಅದು ಹಿಡಿಸ್ಲಿಲ್ಲ, ‘ಇಂಡಿಯನ್’ ಅಂದ್ರೆ ಆತನ ಮನಸ್ಸಲ್ಲಿ ಇದ್ದಿದ್ದು ಭಾರತದವ್ರಲ್ಲ, ಅಮೆರಿಕದ ಮೂಲನಿವಾಸಿಗಳು. ಅಂದಹಾಗೆ ಮನೆಮನೆಗೆ ಬಣ್ಣದ ದೇವರನ್ನ ತಲುಪಿಸಿದ ರವಿವರ್ಮ ಪ್ರೆಸ್ಸು 1894ರಲ್ಲಿ ಮುಂಬೈನಲ್ಲಿ ಶುರುವಾಗಿ ಆಮೇಲೆ ಹೋಗಿದ್ದು ನಿಮ್ಮ ಲೋಣಾವಳ ಪಕ್ಕದ ಮಳವಲಿಗೆ.

ಪ್ರಶ್ನೆ: ಗೋವಾ ಪಾರ್ಟಿಗಳಲ್ಲಿ ಕತ್ತಲಲ್ಲಿ ಹೊಳೆಯೋ ಬಟ್ಟೆ ಪರದೆನೂ ಇದೇನಾ?
- ಓದುಗರು, ಮಡಗಾಂವ್

ಉತ್ತರ: ನೆಂಟಸ್ತಿಕೆ ಇದೆ, ಗೋವಾ ಟ್ರಾನ್ಸ್ ಅನ್ನೋ ಪಾರ್ಟಿ ಸಂಗೀತ ಬೆಳೆಸಿದ ಡಿಜೆ ಗೋವಾ ಗಿಲ್ ಸ್ಯಾನ್ ಫ್ರಾನ್ಸಿಸ್ಕೋದವ್ನೇ. ಟೆಕ್ನಿಕ್ ಬೇರೆ: ನಿಮ್ಮಲ್ಲಿಯ ಪರದೆಗೆ ಫ್ಲೋರೊಸೆಂಟ್ ಬಣ್ಣ, ಅದು ಕಣ್ಣಿಗೆ ಕಾಣದ ಅಲ್ಟ್ರಾವಯಲೆಟ್ ಬೆಳಕು ಕುಡ್ದು ಕಾಣೋ ಬೆಳಕಾಗಿ ಉಗುಳತ್ತೆ. ಆ ಬೆಳಕು ಕೊಡೋ ದೀಪ, ಅಂದ್ರೆ ಬ್ಲ್ಯಾಕ್ ಲೈಟ್, ಆಫ್ ಮಾಡಿದ್ರೆ ಹೊಳಪು ಮುಗೀತು.