ಮೆಚ್ಚಿನ ಸಂಗೀತಗಾರರ ಬಗ್ಗೆ ನಾವೇ ಪುಸ್ತಕ ಬರೆಯಬಹುದಾ?

ಬರೆಯಬಹುದು. ನೀವು ಕೇಳಿದ್ದು ಮೂರು ಪ್ರಶ್ನೆ: ಸಂಗೀತ ಕಲಿಯದವರು ಬರೆದರೆ ನಡೆಯುತ್ತದಾ, ಮನೆಯವರ ಅನುಮತಿ ಬೇಕಾ, ಪ್ರಕಾಶಕರಿಲ್ಲದೆ ಪುಸ್ತಕ ತರಲು ಆಗುತ್ತದಾ. ನಾನು ಕೆಲವು ವರ್ಷಗಳಿಂದ ಪಿಟೀಲು ಚೌಡಯ್ಯನವರ ಮೇಲೆ ಒಂದು ಪುಸ್ತಕ ಬರೆಯುತ್ತಿದ್ದೇನೆ. ಯಾರೂ ಬರೆಸುತ್ತಿಲ್ಲ, ಯಾರೂ ದುಡ್ಡು ಕೊಟ್ಟಿಲ್ಲ. ಹಗಲು ನೌಕರಿ, ರಾತ್ರಿ ಚೌಡಯ್ಯ. ಹಾಗಾಗಿ ಉದಾಹರಣೆಗಳೆಲ್ಲ ಅವರವೇ.

ಮೊದಲು ನೀವು ಕೇಳದ ಒಂದು ವಿಷಯ ಹೇಳಿಬಿಡುತ್ತೇನೆ. ಅಭಿಮಾನಿ ಬರೆಯುವ ಪುಸ್ತಕ ಕೆಡುವುದು ಸಂಗೀತ ಗೊತ್ತಿಲ್ಲದೆ ಅಲ್ಲ, ಹೊಗಳಿಕೆಯಿಂದ. 'ನಾದಬ್ರಹ್ಮ', 'ಸರಸ್ವತೀ ಪುತ್ರ', 'ಅಸಾಮಾನ್ಯ ಪ್ರತಿಭೆ' ಅಂತ ಬರೆದ ಸಾಲಿನಲ್ಲಿ ಚೌಡಯ್ಯನವರ ಹೆಸರು ತೆಗೆದು ಬೇರೆ ಯಾರ ಹೆಸರು ಹಾಕಿದರೂ ಸರಿಹೋಗುತ್ತದೆ. ಅಂಥ ಸಾಲನ್ನು ಮುಲಾಜಿಲ್ಲದೆ ಹೊಡೆದುಹಾಕಿ.

ತಿರುಮಕೂಡಲು ನರಸೀಪುರದಲ್ಲಿ ಹುಟ್ಟಿದರು, ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಹತ್ತಿರ ವರ್ಷಗಟ್ಟಲೆ ಕಲಿತರು, 1957ರಲ್ಲಿ ಮದ್ರಾಸ್ ಮ್ಯೂಸಿಕ್ ಅಕಾಡೆಮಿಯ 'ಸಂಗೀತ ಕಲಾನಿಧಿ' ಬಿರುದು ಪಡೆದರು, 1967ರಲ್ಲಿ ತೀರಿಕೊಂಡರು. ಇಷ್ಟು ಒಂದು ಪುಟದಲ್ಲಿ ಮುಗಿಯುತ್ತದೆ. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನ ಎಲ್ಲರಿಗೂ ಗೊತ್ತು. ಅಲ್ಲಿ ನಾಟಕ ನೋಡಿ ಬಂದವರಲ್ಲಿ ಎಷ್ಟು ಜನ ಆ ಪಿಟೀಲು ಕೇಳಿದ್ದಾರೆ? ಪುಸ್ತಕದ ಕೆಲಸ ಶುರುವಾಗುವುದು ಅಲ್ಲಿಂದ.

ಪಿಟೀಲಿಗೆ ಇರುವುದು ನಾಲ್ಕು ತಂತಿ. ಚೌಡಯ್ಯನವರು ಮೂರು ಸೇರಿಸಿ ಏಳು ಮಾಡಿಕೊಂಡರು. ಮೈಕ್ ಇಲ್ಲದ ಕಾಲ. ಗಟ್ಟಿ ಕಂಠದವರು ಹಾಡಲು ಕೂತರೆ ಪಕ್ಕದ ಪಿಟೀಲು ಹಿಂದಿನ ಸಾಲಿಗೆ ಕೇಳಿಸುತ್ತಿರಲಿಲ್ಲ. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಆದರೆ ಒಂದು ತಂತಿಯ ಜಾಗದಲ್ಲಿ ಜೋಡಿ ತಂತಿ ಬಂದರೆ ಕೈಗೆ ಏನಾಗುತ್ತದೆ? ಬೆರಳು ಎರಡನ್ನೂ ಒಟ್ಟಿಗೆ ಒತ್ತಬೇಕು. ಕಮಾನು ಎರಡನ್ನೂ ಹಿಡಿದು ಎಳೆಯಬೇಕು. ಶ್ರುತಿ ಮಾಡಲು ಬಿರಡೆಗಳೂ ಜಾಸ್ತಿ. ಒಂದು ತಂತಿ ಕೂದಲೆಳೆಯಷ್ಟು ಇಳಿದರೂ ಇಡೀ ನಾದ ಒಡೆಯುತ್ತದೆ. ಅಷ್ಟೆಲ್ಲ ತೊಂದರೆ ಪಟ್ಟು ಆ ಮನುಷ್ಯ ಪಡೆದದ್ದೇನು? ಬರೀ ದೊಡ್ಡ ಸದ್ದಾ? ಹಾಗಾದರೆ ಮೈಕ್ ಬಂದ ಮೇಲೆ ಬಿಟ್ಟುಬಿಡಬಹುದಿತ್ತು, ಬಿಡಲಿಲ್ಲ. ನನ್ನ ಪುಸ್ತಕ ನಿಂತಿರುವುದೇ ಈ ಪ್ರಶ್ನೆಯ ಮೇಲೆ. ನಿಮ್ಮ ಸಂಗೀತಗಾರರಲ್ಲೂ ಇಂಥದ್ದೊಂದು ಪ್ರಶ್ನೆ ಇದ್ದೇ ಇರುತ್ತದೆ, ಹುಡುಕಿಕೊಳ್ಳಿ. ಸಿಗದಿದ್ದರೆ ಬರೆಯುವುದನ್ನು ಮುಂದೂಡಿ.

ಸಂಗೀತ ಕಲಿಯದಿದ್ದರೆ ನಡೆಯುತ್ತದೆ, ಕೇಳದಿದ್ದರೆ ನಡೆಯುವುದಿಲ್ಲ. ಮೈಸೂರಿನಲ್ಲಿ ಒಬ್ಬ ಹಿರಿಯ ಮೃದಂಗ ವಿದ್ವಾಂಸರ ಮನೆಗೆ ಹೋಗಿದ್ದೆ. "ಚೌಡಯ್ಯನೋರು ಹೇಗಿದ್ರು ಸಾರ್?" ಅಂತ ಕೇಳಿದರೆ "ದೇವರಂಥೋರಪ್ಪಾ" ಅಂದು ಸುಮ್ಮನಾದರು. ಆಮೇಲೆ ಫೋನಿನಲ್ಲಿ ಒಂದು ಹಳೆ ಕಛೇರಿ ಹಾಕಿದೆ. ಆಲಾಪನೆ ಬಂತು. ಅವರ ಬಲಗೈ ತಾನಾಗಿ ಕಮಾನು ಹಿಡಿದ ಹಾಗೆ ಎದ್ದಿತು. "ಇಲ್ಲಿ ಕೇಳಿ. ಹಾಡೋರು ಬಿಟ್ಟ ಜಾಗದಲ್ಲೇ ಹಿಡಿದ್ರು, ಆದ್ರೆ ಅದನ್ನೇ ತಿರುಗಿ ನುಡಿಸ್ಲಿಲ್ಲ, ಮುಂದಕ್ಕೆ ತಗೊಂಡು ಹೋದ್ರು. ಹಾಡೋರಿಗೆ ಈಗ ದಾರಿ ಸಿಕ್ತು ನೋಡಿ." ಆ ಜಾಗ ನಾನು ಎಷ್ಟೋ ಸಲ ಕೇಳಿದ್ದೆ. ಪಕ್ಕವಾದ್ಯ ಅಂದರೆ ಹಿಂಬಾಲಿಸುವುದು ಮಾತ್ರ ಅಲ್ಲ ಅಂತ ನನಗೆ ಕಿವಿಯಲ್ಲಿ ಗೊತ್ತಾಗಿದ್ದು ಆವತ್ತೇ. ಆದ್ದರಿಂದ ಹಿರಿಯರ ಹತ್ತಿರ ಹೋಗುವಾಗ ಪ್ರಶ್ನೆಪಟ್ಟಿಗಿಂತ ರೆಕಾರ್ಡಿಂಗ್ ಒಯ್ಯಿರಿ. ಸಣ್ಣ ಸಣ್ಣ ಪ್ರಶ್ನೆ ಕೇಳಿ: ಕಛೇರಿಗೆ ಎಷ್ಟು ಮುಂಚೆ ಬರುತ್ತಿದ್ದರು, ಶ್ರುತಿ ಮಾಡಲು ಎಷ್ಟು ಹೊತ್ತು ಹಿಡಿಯುತ್ತಿತ್ತು, ತಂತಿ ಹರಿದರೆ ಏನು ಮಾಡುತ್ತಿದ್ದರು.

ಕಥೆಗಳ ಬಗ್ಗೆ ಹುಷಾರು. ಗುರುಗಳಿಗೆ ಗೊತ್ತಾಗದ ಹಾಗೆ ತಂತಿ ಸೇರಿಸಿದ್ದರು, ಕಛೇರಿಯಲ್ಲಿ ಕೃಷ್ಣಪ್ಪನವರು ಅದನ್ನು ಕಂಡುಹಿಡಿದರು ಅನ್ನುವ ಪ್ರಸಂಗ ನಿಮಗೂ ಗೊತ್ತಿರಬಹುದು. ಹೇಳುವವರ ಬಾಯಲ್ಲೆಲ್ಲ ಬೇರೆ ಬೇರೆ ರೂಪ. ನಾನು ಅದನ್ನು ಬಿಡುವುದಿಲ್ಲ, ಆದರೆ 'ಹೀಗೆ ಹೇಳುತ್ತಾರೆ' ಅಂತಲೇ ಬರೆಯುತ್ತೇನೆ. ಕಥೆಯ ಪಕ್ಕದಲ್ಲಿ ಅಚ್ಚಾದ ದಾಖಲೆಯೂ ಇರಲಿ. ಮದ್ರಾಸ್ ಮ್ಯೂಸಿಕ್ ಅಕಾಡೆಮಿಯ ಹಳೆ ಜರ್ನಲ್‌ಗಳು ಡಿಜಿಟಲ್ ರೂಪದಲ್ಲಿ ಸಿಗುತ್ತವೆ. ಸಮ್ಮೇಳನಗಳ ನಡಾವಳಿಯೂ ಅವುಗಳಲ್ಲೇ ಇದೆ. ಹಳೆ ಪತ್ರಿಕೆಗಳ ಜಾಹೀರಾತನ್ನೂ ಬಿಡಬೇಡಿ. 1943ರ 'ವಾಣಿ' ಸಿನಿಮಾದಲ್ಲಿ ಚೌಡಯ್ಯನವರು ಇದ್ದರು. ಒಬ್ಬ ಪಿಟೀಲು ವಿದ್ವಾಂಸರಿಗೆ ಸಿನಿಮಾದ ಉಸಾಬರಿ ಯಾಕೆ ಬೇಕಾಯಿತು ಅನ್ನುವುದೇ ಒಂದು ಅಧ್ಯಾಯಕ್ಕಾಗುವ ವಿಷಯ.

ಅನುಮತಿಯ ವಿಷಯಕ್ಕೆ ಬರೋಣ. ಬಹಿರಂಗವಾಗಿ ಗೊತ್ತಿರುವ ಜೀವನ ಸಂಗತಿಗಳನ್ನು ಬರೆಯಲು ಮನೆಯವರ ಅಪ್ಪಣೆ ಬೇಕಿಲ್ಲ. ಆದರೂ ಮೊದಲೇ ಹೋಗಿ ಮಾತಾಡಿಸಿ ಬರುವುದು ಮರ್ಯಾದೆ, ಅಲ್ವಾ? ಮಾನಹಾನಿ ಆಗುವಂಥದ್ದನ್ನು ಆಧಾರವಿಲ್ಲದೆ ಬರೆಯಬಾರದು ಅನ್ನುವುದು ಬೇರೆ ಮಾತು. ಅನುಮತಿ ನಿಜವಾಗಿ ಬೇಕಾಗುವುದು ಫೋಟೊ, ಕಾಗದ, ಕೃತಿಗಳ ಸಾಹಿತ್ಯಕ್ಕೆ. ನಮ್ಮ ಕಾನೂನಿನಲ್ಲಿ ಬರೆದವರು ತೀರಿಕೊಂಡ ಮಾರನೇ ವರ್ಷದ ಆರಂಭದಿಂದ 60 ವರ್ಷ ಕಾಪಿರೈಟ್ ಇರುತ್ತದೆ. ಅಂದರೆ 'ತ್ರಿಮಕುಟ' ಅಂಕಿತದಲ್ಲಿ ಚೌಡಯ್ಯನವರು ರಚಿಸಿ ಅವರ ಕಾಲದಲ್ಲೇ ಪ್ರಕಟವಾದ ಕೃತಿಗಳಿಗೆ 2027ರ ಕೊನೆಯವರೆಗೆ. ವಿಮರ್ಶೆಗಾಗಿ ಒಂದೆರಡು ಸಾಲು ಎತ್ತಿ ಬರೆದರೆ ತೊಂದರೆ ಇಲ್ಲ. ಇನ್ನೊಂದು, ಕಾಗದ ಯಾರ ಮನೆಯ ಪೆಟ್ಟಿಗೆಯಲ್ಲಿದೆಯೋ ಹಕ್ಕು ಅವರದ್ದಲ್ಲ, ಬರೆದವರದ್ದು, ಅವರ ನಂತರ ಅವರ ವಾರಸುದಾರರದ್ದು. ಒಪ್ಪಿಗೆಯನ್ನು ಬಾಯಿಮಾತಿನಲ್ಲಿ ಬಿಡದೆ ಬರಹದಲ್ಲಿ ತಗೊಳ್ಳಿ.

ಅಚ್ಚಿನ ವಿಷಯ ನೀವು ಅಂದುಕೊಂಡಷ್ಟು ಕಷ್ಟ ಇಲ್ಲ. ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ, ನಮ್ಮ ದೇಶದಲ್ಲಿ ಉಚಿತ, ಲೇಖಕರೇ ಅರ್ಜಿ ಹಾಕಬಹುದು. ದುಡ್ಡು ಕೊಟ್ಟರೆ ಪುಸ್ತಕ ಮಾಡಿಕೊಡುತ್ತೇವೆ ಅನ್ನುವವರ ಪ್ಯಾಕೇಜು ನೋಡಿ ಮರುಳಾಗಬೇಡಿ. ಒಳ್ಳೆ ಡಿಟಿಪಿಯವರು, ಒಳ್ಳೆ ಮುದ್ರಕರು ಸಿಕ್ಕರೆ ಡೆಮಿ 1/8 ಆಕಾರದಲ್ಲಿ ಸ್ವಲ್ಪವೇ ಪ್ರತಿ ಹಾಕಿಸಿ. ಕರಡು ಮಾತ್ರ ನೀವೇ ಕೂತು ತಿದ್ದಬೇಕು. 'ನುಡಿ' ತಂತ್ರಾಂಶದ ಅಕ್ಷರದಿಂದ ಯೂನಿಕೋಡಿಗೆ, ಅಲ್ಲಿಂದ ಮತ್ತೆ ಹಿಂದಕ್ಕೆ ಹೋಗಿ ಬರುವಷ್ಟರಲ್ಲಿ ಒತ್ತಕ್ಷರ, ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂತಿರುತ್ತವೆ. ರಾಗದ ಹೆಸರು, ಊರ ಹೆಸರು ಹೀಗೆ ಕೆಟ್ಟರೆ ಓದುವ ವಿದ್ವಾಂಸರು ಮಿಕ್ಕ ಪುಟಗಳನ್ನೂ ನಂಬುವುದಿಲ್ಲ. ಕೊನೆಯಲ್ಲಿ ಒಂದು ಹೆಸರುಸೂಚಿ, ನೀವು ಕೇಳಿದ ರೆಕಾರ್ಡಿಂಗ್‌ಗಳ ಪಟ್ಟಿ ಹಾಕಿ. ನಮ್ಮಲ್ಲಿ ಸಂಗೀತಗಾರರ ಪುಸ್ತಕ ಮಾಡುವವರು ಇದಕ್ಕೆ ಜಾಗ ಕೊಡದೆ ಸನ್ಮಾನದ ಫೋಟೊಗಳಿಗೆ ಕೊಡುತ್ತಾರೆ, ಯಾಕೋ ಗೊತ್ತಿಲ್ಲ.

ನಿಮ್ಮ ಸಂಗೀತಗಾರರು ಯಾರು ಅಂತ ನೀವು ಹೇಳಿಲ್ಲ. ಮೈಸೂರು ಕಡೆಯವರಾಗಿದ್ದರೆ ತಿಳಿಸಿ, ನನ್ನ ಹತ್ತಿರ ಇರುವ ಹಳೆ ಕಛೇರಿಗಳಲ್ಲಿ ಅವರದ್ದೇನಾದರೂ ಇದೆಯಾ ನೋಡುತ್ತೇನೆ.